ತೋಪು ಬೆಸೆದ ಟಾಂಕಿ

ಪುಣೆಯಲ್ಲಿ ಸೊಸೆಯ ಕೋಣೆಯಿಂದ ರಾಳದ ಹೊಗೆ ಬಂತು. ಅವಳು ಕಟ್ಟಡಗಳ ಮಾದರಿ ಮಾಡಿಕೊಡುವ ಕೆಲಸದವಳು. ಬಿಡುವಿದ್ದಾಗ ತನಗಾಗಿ ಅಂಗೈ ಅಗಲದ ಯುದ್ಧದ ಗಾಡಿಗಳನ್ನು ಮಾಡುತ್ತಾಳೆ: ಟ್ಯಾಂಕು, ಜೀಪು, ಲಷ್ಕರದ ಲಾರಿ. ಎರಡು ದಿನದಲ್ಲಿ ಜೋಡಿಸಿ ಮುಗಿಸಿದ್ದನ್ನು ಆಮೇಲೆ ವಾರಗಟ್ಟಲೆ ಕೂತು ಹಾಳು ಮಾಡುತ್ತಾಳೆ. ತುಕ್ಕು ಬಳಿಯುತ್ತಾಳೆ, ಬಣ್ಣ ಕೆರೆಯುತ್ತಾಳೆ, ಗಾಲಿಗೆ ಕೆಸರು ಮೆತ್ತುತ್ತಾಳೆ. ಅವತ್ತು ಯಾವುದೋ ತಂತಿಗೆ ಬೆಸುಗೆ ಹಾಕುತ್ತಿದ್ದಳು. ಕಾದ ಕಬ್ಬಿಣ ರಾಳಕ್ಕೆ ತಾಗಿದಾಗ ಏಳುವ, ಸ್ವಲ್ಪ ಸಿಹಿಯಾದ, ಸ್ವಲ್ಪ ಗಂಟಲು ಹಿಡಿಯುವ ಆ ವಾಸನೆ... ಓದುತ್ತಿದ್ದ ಪತ್ರಿಕೆಯನ್ನು ಮಡಿಚಿಟ್ಟೆ.

ನಿಲಂಗಾ ದಾರಿಯ ನಮ್ಮೂರಿನಲ್ಲಿ ಆ ವಾಸನೆ ಒಂದೇ ಅಂಗಡಿಯಿಂದ ಬರುತ್ತಿತ್ತು. ಅಂಗಡಿಯವನನ್ನು ಊರೆಲ್ಲ ಚಾಚಾ ಎನ್ನುತ್ತಿತ್ತು. ತಗಡಿನ ಕೆಲಸ ಅವನದು. ಘಾಸಲೇಟ್ ಅಂದರೆ ಸೀಮೆಎಣ್ಣೆಯ ದೀಪ, ಎಣ್ಣೆ ಅಳೆಯುವ ಮಾಪು, ತೂತು ಬಿದ್ದ ಬಕೀಟಿಗೆ ತೇಪೆ. ವಯಸ್ಸಿನಲ್ಲಿ ನಮ್ಮ ಅಪ್ಪನಿಗಿಂತ ದೊಡ್ಡವನು. ಆದರೂ ನಾವೆಲ್ಲ ಅವನನ್ನು 'ನೀ' ಎನ್ನುತ್ತಿದ್ದೆವು, ಅವನು ನಮಗೆ 'ರೀ' ಹಚ್ಚುತ್ತಿದ್ದ. ಈಗ ಬರೆಯಲು ಕೂತಾಗ 'ಅವರು' ಎಂದು ಶುರು ಮಾಡಿದೆ. ಎರಡು ಸಾಲಿಗೇ ಅದು ಸುಳ್ಳೆನಿಸಿತು. ಅಂದು ಕೊಡದ ಮರ್ಯಾದೆಯನ್ನು ಇಂದು ಕಾಗದದ ಮೇಲೆ ಕೊಟ್ಟರೆ ಅದು ಅವನಿಗೆ ಮುಟ್ಟುವುದಿಲ್ಲ, ನನ್ನ ಮುಖಕ್ಕೆ ಬಳಿದುಕೊಂಡಂತಾಗುತ್ತದೆ. ಆದ್ದರಿಂದ 'ಅವನು' ಎಂದೇ ಬರೆಯುತ್ತೇನೆ.

ಪೋಲೀಸ್ ಆ್ಯಕ್ಷನ್ ಮುಗಿದು, ನಿಜಾಮನ ಆಳಿಕೆಯನ್ನು ಭಾರತದ ಸೇನೆ ಕೊನೆಗಾಣಿಸಿ, ಕೆಲವು ವರ್ಷಗಳಾಗಿದ್ದವು. ನಾವಿನ್ನೂ ಹೈದರಾಬಾದ್ ರಾಜ್ಯದವರೇ, ಮುಂದೆ ಮುಂಬಯಿ ರಾಜ್ಯಕ್ಕೆ ಹೋಗುತ್ತೇವೋ ಎಲ್ಲಿಗೆ ಹೋಗುತ್ತೇವೋ ಯಾರಿಗೂ ಗೊತ್ತಿರಲಿಲ್ಲ. ನಾನು ಊರ ಶಾಲೆಯಲ್ಲಿ ಹೊಸ ಮಾಸ್ತರ. ನಿಜಾಮನ ಪರ ಆಯುಧ ಹಿಡಿದ ರಜಾಕಾರರ ಹಾವಳಿಯ ಕಾಲದಲ್ಲಿ ನನ್ನನ್ನು ಸೊಲ್ಲಾಪುರದ ಸೋದರಮಾವನ ಮನೆಗೆ ಕಳಿಸಿದ್ದರು, ಹಾಗಾಗಿ ಊರಿಗೆ ಲಷ್ಕರ ಬಂದ ದಿನಗಳನ್ನು ನಾನು ನೋಡಿರಲಿಲ್ಲ. ಕೇಳಿದ್ದೆ ಅಷ್ಟೇ. ಕೇಳಿದ್ದನ್ನೇ ನೋಡಿದಂತೆ ಹೇಳುವ ಚಟವೂ ಇತ್ತು.

ಆ ವರ್ಷ ಗಣಪತಿಯ ಮುಂದೆ ಲಷ್ಕರ ಊರಿಗೆ ಬಂದ ದೇಖಾವಾ ಕಟ್ಟುವುದೆಂದು ಮಂಡಳದವರು ತೀರ್ಮಾನಿಸಿದರು. ದೇಖಾವಾ ಅಂದರೆ ಒಂದು ಘಟನೆಯನ್ನು ಸಣ್ಣ ಗೊಂಬೆ, ಮನೆ, ಗಾಡಿಗಳಲ್ಲಿ ಕಟ್ಟಿ ತೋರಿಸುವುದು. ಹಿಂದಿನ ಪರದೆ ಬರೆಯುವುದು ನನ್ನ ಪಾಲಿಗೆ, ಗಾಡಿಗಳು ಚಾಚಾನ ಪಾಲಿಗೆ. ಮಂಡಳದ ಅಧ್ಯಕ್ಷ ಕಿರಾಣಿ ಅಂಗಡಿಯ ಅಣ್ಣ. ಅವನು ಚಾಚಾನ ಅಂಗಡಿಯ ಮುಂದೆ ನಿಂತು ಹೇಳಿದ ಮಾತು ನನಗೆ ಸರಿಯಾಗಿ ನೆನಪಿದೆ, ನಾನು ಪಕ್ಕದಲ್ಲೇ ಇದ್ದೆ: "ಲಾರಿ ನಾಕೈದು ಮಾಡು, ಒಂದು ಜೀಪ್ ಮಾಡು. ನಟ್ಟನಡುವ ಮಾತ್ರ ದೊಡ್ಡದೊಂದು ಟ್ಯಾಂಕ್ ಇರ್ಬೇಕು ನೋಡ್ ಚಾಚಾ."

"ಟಾಂಕಿ? ಆಯ್ತಲ್ರೀ," ಅಂದ ಚಾಚಾ.

ಪರದೆಯ ಅಳತೆಯ ನೆಪದಲ್ಲಿ ನಾನು ದಿನಾ ಅಲ್ಲಿಗೆ ಹೋಗಿ ಕೂರುತ್ತಿದ್ದೆ. ಅವನ ಲೆಕ್ಕದಲ್ಲಿ ಒಬ್ಬ ಮನುಷ್ಯ ಅಂದರೆ ಒಂದು ಬೆರಳು. ಉಳಿದದ್ದೆಲ್ಲ ಆ ಬೆರಳಿಗೆ ತಕ್ಕಂತೆ. ಆದರೆ ಯಾವ ಬೆರಳು ಎಂಬುದು ಅವತ್ತಿನ ಮನಸ್ಸಿನ ಮೇಲೆ. ಹಾಗಾಗಿ ಒಂದು ಲಾರಿ ಇನ್ನೊಂದರ ಅಪ್ಪನಂತಿರುತ್ತಿತ್ತು. ವನಸ್ಪತಿ ಡಬ್ಬಿಯ ತಗಡು. ಲಾರಿಯನ್ನು ಮಗುಚಿದರೆ ಹೊಟ್ಟೆಯಲ್ಲಿ ಡಬ್ಬಿಯ ಹಸಿರು ಮರದ ಚಿತ್ರ ಕಾಣುತ್ತಿತ್ತು. ಜೀಪಿಗೆ ಹತ್ತುವ ಜಾಗವನ್ನೇ ಬಿಟ್ಟಿರಲಿಲ್ಲ.

"ಡ್ರೈವರ್ ಎಲ್ಲಿಂದ ಹತ್ತತಾನ ಚಾಚಾ?"

"ಹತ್ತೇ ಕುಂತಾನ್ರೀ ಮಾಸ್ತರ್ರ. ಇನ್ನ ಇಳ್ಯಂಗಿಲ್ಲ."

ಬಣ್ಣ ಒಣಗಿದ ಮೇಲೆ ಅವನ ನಿಜವಾದ ಕೆಲಸ ಶುರುವಾಗುತ್ತಿತ್ತು. ಅದಕ್ಕೆ ಅವನದೇ ಮಾತು: 'ದಾರಿ ಹಚ್ಚೋದು'. ಹೊಲದ ಕಪ್ಪು ಎರಿ ಮಣ್ಣನ್ನು ಅರಿವೆಯಲ್ಲಿ ಸೋಸಿ, ಜಾಲಿಯ ಅಂಟಿಗೆ ಕಲಸಿ, ಜಗಿದ ಬೇವಿನ ಕಡ್ಡಿಯಿಂದ ಗಾಲಿಯ ಹಿಂದಕ್ಕೆ ಮಾತ್ರ ಸಿಡಿಸುತ್ತಿದ್ದ. ಹಳೆಯ ಬಕೀಟುಗಳಿಂದ ಕೆರೆದ ತುಕ್ಕಿನ ಪುಡಿಯನ್ನು ಅಗಸಿ ಎಣ್ಣೆಯಲ್ಲಿ ತೇಯುತ್ತಿದ್ದ. ಹೊಗೆ ಕೊಳವೆಗೆ ದೀಪದ ಮಸಿ. "ಹೊಸಾ ಗಾಡಿ ಅಂದ್ರ ಆಟಗಿ ಸಾಮಾನರೀ," ಅನ್ನುತ್ತಿದ್ದ, "ದಾರಿ ಹಚ್ಚಿದ ಮ್ಯಾಲೇ ಅದು ಎಲ್ಲಿಂದ ಬಂತು ಅಂತ ಗೊತ್ತಾಗ್ತದ."

ದೊಡ್ಡ ಗಾಡಿಯನ್ನು ಮಾತ್ರ ಅವನು ನನ್ನೆದುರು ಮಾಡಲಿಲ್ಲ.

ಗಣಪತಿ ಕೂರುವ ಹಿಂದಿನ ಸಂಜೆ ಬುಟ್ಟಿಯಲ್ಲಿ ಅರಿವೆ ಮುಚ್ಚಿ ತಂದ. ಮೇಜಿನ ಮೇಲೆ ಎರಿ ಮಣ್ಣು ಹರಡಿ ನಮ್ಮೂರನ್ನೇ ಕಟ್ಟಿದ್ದೆವು: ಜೇಡಿಮಣ್ಣಿನ ಮನೆಗಳು, ಬಸವಣ್ಣನ ಗುಡಿ, ದರ್ಗಾ, ಜೋಳದ ಹೊಲ. ಲಾರಿಗಳನ್ನು ಸಾಲಾಗಿ ಇಟ್ಟ. ಕೊನೆಗೆ ನಡುವೆ ಇಟ್ಟದ್ದು ಬೆನ್ನ ಮೇಲೆ ಉದ್ದನೆಯ ಪೀಪಾಯಿ ಹೊತ್ತ ಲಾರಿ. ಹಿಂದೆ ಒಂದು ನಳ. ಒಳಗೆ ನಿಜವಾದ ನೀರು ತುಂಬಿದ್ದ. ನಳದಿಂದ ಹನಿ ಬೀಳುತ್ತಿತ್ತು. ಇಡೀ ಗಾಡಿಗೆ ಒಣ ಕೆಸರು, ನಳದ ಕೆಳಗೆ ಮಾತ್ರ ಹಸಿ. ನಳದಿಂದ ಕೆಳಕ್ಕೆ ಕಣ್ಣೀರು ಇಳಿದಂತೆ ತುಕ್ಕಿನ ಗೆರೆ. ಅದರ ಹಿಂದೆ, ದರ್ಗಾದ ತನಕ, ತಂತಿಗೆ ಚಿಂದಿ ಸುತ್ತಿದ ಬೆರಳುದ್ದದ ಹೆಂಗಸರು, ಗಂಡಸರು, ಕೊಡ ಹಿಡಿದು ನಿಂತಿದ್ದರು.

"ಚಾಚಾ! ಇದೇನ್ ಮಾಡ್ದಿ? ನಾ ಟ್ಯಾಂಕ್ ಅಂದಿದ್ದೆ!" ಅಂದ ಕಿರಾಣಿ ಅಣ್ಣ.

"ಟಾಂಕೀನೇ ಅದರೀ."

"ಅರೆ, ರಣಗಾಡಾ ಮಾರಾಯಾ! ತೋಪಿನ ಗಾಡಿ! ನೀ ನೀರಿನ ಟಾಂಕಿ ತಂದೀ!"

ಎಲ್ಲರೂ ಬಿದ್ದು ಬಿದ್ದು ನಕ್ಕರು. "ಚಾಚಾನ ಲಷ್ಕರ ನಿಜಾಮಗ ಜಳಕಾ ಮಾಡಸ್ಲಾಕ ಹೊಂಟದ," ಅಂದ ಯಾರೋ. ನಾನೂ ನಕ್ಕೆ. ಚಾಚಾ ಕೂಡ ನಕ್ಕ. ಆಮೇಲೆ ಮೆಲ್ಲಗೆ ಅಂದ: "ತೋಪಿನ ಗಾಡಿ ಉಮರ್ಗಾ ಸಡಕಿನ ಮ್ಯಾಲ ಹಾದು ಹೋದವಲ್ರೀ ಅಣ್ಣಾ. ನಮ್ಮೂರಿಗಿ ಬಂದಿದ್ದು ಇದೇ ಟಾಂಕಿ. ನಾ ಇದರ ನೀರು ಕುಡದೀನಿ."

ನಗು ನಿಂತಿತು. ಒಬ್ಬೊಬ್ಬರೇ ಬೇರೆ ಕಡೆ ನೋಡಿದರು. ಯಾಕೆ ಅಂತ ನನಗೊಬ್ಬನಿಗೇ ತಿಳಿಯಲಿಲ್ಲ. ಅವನು ಮಾತನ್ನು ತಪ್ಪಾಗಿ ಕೇಳಿಸಿಕೊಂಡಿದ್ದನೋ, ಸರಿಯಾಗಿ ಕೇಳಿಸಿಕೊಂಡು ತಪ್ಪಿನೊಳಗೆ ಅಡಗಿ ಕೂತಿದ್ದನೋ, ಅದನ್ನು ನಾನು ಇವತ್ತಿಗೂ ಬಿಡಿಸಿಕೊಂಡಿಲ್ಲ.

ಮನೆಗೆ ಬಂದು ಅವ್ವನನ್ನು ಕೇಳಿದೆ. ಅವಳು ಜೋಳ ಹಸನು ಮಾಡುತ್ತಿದ್ದಳು. ಮೊದಲು "ನಿನಗ್ಯಾಕ ಬೇಕು ಅದು," ಅಂದಳು. ಆಮೇಲೆ ಮೊರದಿಂದ ಕಣ್ಣು ತೆಗೆಯದೆ ತಾನೇ ಹೇಳಿದಳು.

"ಲಷ್ಕರ ಬರೋ ಹೊತ್ತಿಗಿ, ರಜಾಕಾರ್ರ ಮ್ಯಾಲಿನ ಸಿಟ್ಟು ತಮ್ಮ ಮ್ಯಾಲ ತೀರಸ್ತಾರಂತ, ಚಾಚಾನ ಓಣಿ ಮಂದಿ ಎಲ್ಲಾ ಅಂಜಿ ದರ್ಗಾದಾಗ ಕೂಡಿದ್ರು. ಸೀನೀರಿನ ಬಾವಿ ಊರಾಗ ನಮ್ಮದೊಂದೇ. ನಿಮ್ಮಪ್ಪ ರಾಟಿ ಬಿಚ್ಚಿ, ಹಗ್ಗಾ ಸುತ್ತಿ, ಅಟ್ಟದ ಮ್ಯಾಲ ಇಟ್ರು. ಹೆಣ್ಮಕ್ಕಳು ಕೊಡಾ ತಗೊಂಡ್ ಬಂದ್ರು. ನಿಂತ್ರು. ಹೋದ್ರು. ನಾ ಬಾಗಲಾ ಹಾಕ್ಕೊಂಡೆ."

"ಯಾಕ ಅವ್ವಾ?"

"ನಮ್ಮ ಬಣವಿ ಸುಟ್ಟಿದ್ರಲ್ಲ ರಜಾಕಾರ್ರು."

"ಚಾಚಾ ಸುಟ್ಟಿದ್ನೇನು?"

"ಅಂವಾ ಯಾಕ ಸುಡ್ತಾನ? ಅವತ್ತು ನಮ್ಮ ಬಾವಿಯಿಂದ ಕೊಡಾ ಹೊತ್ತು ಬೆಂಕಿ ಆರಿಸ್ದವ್ರಾಗ ಅಂವಾನೂ ಇದ್ದ." ಮೊರ ನಿಂತಿತು. "ಅವರವ್ವ ದರ್ಗಾದಾಗೇ ತೀರಿಕೊಂಡ್ಳು. ಟಾಂಕಿ ಬರೋ ಹಿಂದಿನ ದಿನ. ಜ್ವರಾ ಇತ್ತಂತ."

ಅಪ್ಪನನ್ನು ಕೇಳಿದರೆ ಒಂದೇ ಮಾತು: "ಹಗ್ಗಾ ಹರದಿತ್ತು."

ಮರುದಿನ ಬೆಳಿಗ್ಗೆ ಅಪ್ಪ ಪೆಂಡಾಲಿಗೆ ಬಂದರು. ಕಿರಾಣಿ ಅಣ್ಣನೇ ಕರೆಸಿರಬೇಕು. ಚಾಚಾ ಮೇಜಿನ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದ. ಸಣ್ಣ ಇದ್ದಿಲ ಒಲೆಯಲ್ಲಿ ಬೆಸುಗೆಯ ಕಬ್ಬಿಣ ಕಾಯುತ್ತಿತ್ತು. ಅಪ್ಪ ದೇಖಾವಾ ನೋಡಿದರು. ನಮ್ಮ ಮನೆ ಇತ್ತು, ಹಿತ್ತಲಿತ್ತು. ಹಿತ್ತಲಲ್ಲಿ ಒಂದಿಷ್ಟು ಜಾಗ ಬಿಳಿಯ ಬಳಪದ ಪುಡಿಯಲ್ಲಿ ದುಂಡಗೆ ಗೆರೆ ಎಳೆದು ಖಾಲಿ ಬಿಟ್ಟಿದ್ದ.

"ಬಾವಿ ಎಲ್ಲದ?" ಅಂದರು ಅಪ್ಪ.

ಚಾಚಾ ಎದ್ದು ನಿಂತ. ಅವನ ದನಿಯಲ್ಲಿ ಕುಟುಕು ಇರಲಿಲ್ಲ. ಬಕೀಟಿಗೆ ಎಂಥ ಹಿಡಿ ಬೇಕು ಎಂದು ಗಿರಾಕಿಯನ್ನು ಕೇಳುವ ದನಿ. "ಜಾಗಾ ಬಿಟ್ಟೀನ್ರೀ ಮಾಲಕ್ರ. ಬಾವಿ ಮಾಡಿ ತಂದೀನಿ, ಬುಟ್ಯಾಗ ಅದ. ರಾಟಿ ಬ್ಯಾರೆ ಮಾಡೀನಿ. ರಾಟಿ ಹಚ್ಚಿ ಇಡ್ಲೋ, ಬಿಚ್ಚಿ ಇಡ್ಲೋ? ನೀವು ಹ್ಯಾಂಗಂತೀರಿ ಹಾಂಗ."

ಅವನು ಕೇಳಿದ್ದು ಅಷ್ಟೇ. ಊರಿನ ಮುಂದೆ, ಯಾರ ಹೆಸರೂ ಎತ್ತದೆ, ಅಪ್ಪನ ಬಾಯಿಂದ ಒಂದು ಮಾತು. ಹಚ್ಚಿಡು ಅಂದಿದ್ದರೂ ಅವನು ಹಾಗೇ ಇಡುತ್ತಿದ್ದ, ಸುಳ್ಳಾದರೂ. ಆ ಸುಳ್ಳಿಗಾದರೂ ಅಪ್ಪ ಒಮ್ಮೆ ಬಾವಿಯ ಹತ್ತಿರ ಬರಬೇಕಾಗುತ್ತಿತ್ತು. ನಾನು ಅವರ ಮುಖ ನೋಡಲಿಲ್ಲ.

"ಬಾವಿ ಬ್ಯಾಡ," ಅಂದರು. ಟಾಂಕಿಯ ಕಡೆ ಬೆರಳು ಮಾಡಿದರು. "ಅದಕ್ಕ ತೋಪ ಹಚ್ಚು."

ಹೊರಟುಹೋದರು. ಹೆಗಲ ಮೇಲಿನ ವಲ್ಲಿ ಜಾರಿತ್ತು, ಎತ್ತಿಕೊಳ್ಳಲಿಲ್ಲ.

ಚಾಚಾ ಒಂದು ತಗಡಿನ ತುಂಡನ್ನು ಮೊಳೆಯ ಸುತ್ತ ಸುತ್ತಿ ಕೊಳವೆ ಮಾಡಿದ. "ಮಾಸ್ತರ್ರ, ಸ್ವಲ್ಪ ಹಿಡೀರಿ." ನಾನು ಎರಡೂ ಕೈಯಲ್ಲಿ ಟಾಂಕಿ ಹಿಡಿದೆ. ಅವನು ಕೊಳವೆಯನ್ನು ಬೇರೆಲ್ಲೂ ಇಡಲಿಲ್ಲ, ನಳದ ಬಾಯಿಗೇ ಇಟ್ಟು ಬೆಸೆದ. ರಾಳದ ಹೊಗೆ ನಮ್ಮಿಬ್ಬರ ಮುಖದ ನಡುವೆ ಎದ್ದಿತು. ಕೊಡ ಹಿಡಿದ ಬೊಂಬೆಗಳನ್ನು ಒಂದೊಂದಾಗಿ ಕಿತ್ತು ಬುಟ್ಟಿಗೆ ಹಾಕಿಕೊಂಡ.

"ತೋಪಿಗಿ ದಾರಿ ಹಚ್ಚಲೇನ್ರೀ ಅಣ್ಣಾ?"

"ಬ್ಯಾಡ ಬ್ಯಾಡ, ಹೊಳೀಲಿ," ಅಂದ ಕಿರಾಣಿ ಅಣ್ಣ.

"ಹೌದ್ ಬಿಡ್ರಿ. ನಡದು ಬರಲಾರದ ತೋಪಿಗಿ ದಾರಿ ಯಾಕ."

ಗಣಪತಿ ಮುಳುಗಿಸುವ ತನಕ ಊರ ಮಂದಿ ಸಾಲುಗಟ್ಟಿ ಬಂದು ನೋಡಿದರು. ಗುಂಜೋಟಿಯಿಂದ, ಜಳಕೋಟದಿಂದ ಬಂದ ಬೀಗರೂ ನೋಡಿದರು. ಕೈಮುಗಿದವರೂ ಇದ್ದರು. ಎರಡನೆಯ ದಿನವೋ ಮೂರನೆಯ ದಿನವೋ, ಬೆಸುಗೆ ಪೂರ್ತಿ ಹಿಡಿಯದೆ ಆ ತೋಪಿನ ಬಾಯಿಂದ ನೀರು ಹನಿಯತೊಡಗಿತು. ಹೊಳೆಯುವ ತಗಡಿನ ಮೇಲೆ ತುಕ್ಕು ತಾನಾಗಿ ಹತ್ತಿತು... ಹೀಗೆ ಬರೆದಿದ್ದೇನೆ. ಆದರೆ ಇದನ್ನು ನಾನು ಕಂಡೆನೋ, ಕಥೆ ಬರೆಯುವ ಚಾಳಿಯವನಾದ್ದರಿಂದ ಆಮೇಲೆ ಸೇರಿಸಿಕೊಂಡೆನೋ, ಆಣೆ ಮಾಡಿ ಹೇಳಲಾರೆ. ಹನಿ ಬೀಳದಿದ್ದರೆ ಅಪ್ಪ ಪೂರ್ತಿ ಗೆದ್ದಂತಾಗುತ್ತದೆ, ಅದಕ್ಕೇ ನನಗೆ ಹನಿ ಬೇಕು. ಖಾತ್ರಿಯಾಗಿ ಗೊತ್ತಿರುವುದು ಇಷ್ಟೇ: ನಮ್ಮೂರಿಗೆ ಟ್ಯಾಂಕು ಬಂದದ್ದು ಆ ಪೆಂಡಾಲಿನಲ್ಲಿ. ಕೆಲವೇ ವರ್ಷಗಳಲ್ಲಿ ಅದು ಗುಡಿಯ ಮುಂದೆ ನಿಂತದ್ದನ್ನು, ಅದರ ಸದ್ದಿಗೆ ಎಮ್ಮೆ ಬೆದರಿದ್ದನ್ನು ಕಣ್ಣಾರೆ ಕಂಡವರು ಊರ ತುಂಬ ಹುಟ್ಟಿಕೊಂಡರು. ಅವರಲ್ಲಿ ಯಾರೂ ಸುಳ್ಳುಗಾರರಲ್ಲ.

ಬಾವಿಯ ರಾಟಿ ಎಂದೋ ತನ್ನ ಜಾಗಕ್ಕೆ ಬಂದಿತ್ತು. ಚಾಚಾನ ಮನೆಯವರು ಮಾತ್ರ ಊರಾಚೆಯ ಉಪ್ಪುನೀರಿನ ಸವಳು ಹಳ್ಳದಿಂದಲೇ ನೀರು ತರುತ್ತಿದ್ದರು. ನಾನು ಅದನ್ನು ಗಮನಿಸಿದ್ದು ಆ ಗಣಪತಿಯ ನಂತರ. ಅಷ್ಟು ವರ್ಷ ಅವರು ನಮ್ಮ ಮನೆಯ ಮುಂದೆಯೇ ಕೊಡ ಹೊತ್ತು ಹೋಗುತ್ತಿದ್ದರು.

ಮುಂದೆ ಅವನು ಉದಗೀರಕ್ಕೆ ಹೋದ. ಸ್ಟೇಷನ್ನಿನ ಹತ್ತಿರ ಅಂಗಡಿ ಹಾಕಿದ್ದಾನೆಂದು ಕೇಳಿದೆ. ಮಹಾರಾಷ್ಟ್ರ ಆಗುವ ಹೊತ್ತಿಗೆ ಕೆಲಸದ ಮೇಲೆ ಅಲ್ಲಿಗೆ ಹೋದವನು ಹುಡುಕಿಕೊಂಡು ಹೋದೆ. ಸುಡು ಬಿಸಿಲು. ಅವನು ಮುದುಕನಾಗಿದ್ದ. ಗುರುತು ಹಿಡಿದು, "ಅರೆ ಮಾಸ್ತರ್ರ! ಬರ್ರಿ ಬರ್ರಿ, ನೆಳ್ಳಾಗ ಕೂಡ್ರಿ," ಎಂದು ಗೋಣಿಚೀಲ ಜಾಡಿಸಿ ಹಾಸಿದ. ಅಪ್ಪನ ಆರೋಗ್ಯ ಕೇಳಿದ. ನಾನು ದಾರಿಯುದ್ದಕ್ಕೂ ಒಂದು ಮಾತು ಕಟ್ಟಿಕೊಂಡು ಹೋಗಿದ್ದೆ, ಬಾವಿಯ ವಿಷಯ. ಅದು ಬಾಯಿಗೆ ಬರುವಷ್ಟರಲ್ಲಿ ಅವನು ಎದ್ದು ಗಡಿಗೆಯಿಂದ ಲೋಟದ ತುಂಬ ನೀರು ತುಂಬಿ ತಂದು ನನ್ನ ಮುಂದೆ ಹಿಡಿದ.

ಅವರ ಮನೆಯ ನೀರನ್ನು ನಮ್ಮವರು ಕುಡಿಯುತ್ತಿರಲಿಲ್ಲ. ನಾನು ಅದನ್ನೆಲ್ಲ ಬಿಟ್ಟವನು, ಬಿಟ್ಟೆನೆಂದು ಭಾಷಣ ಮಾಡಿದವನು. ಬಾಯಾರಿ ನಾಲಿಗೆ ಅಂಗುಳಕ್ಕೆ ಅಂಟಿತ್ತು.

"ಬ್ಯಾಡ ಚಾಚಾ," ಅಂದೆ. "ಈಗ ಕುಡದು ಬಂದೀನಿ."

ಆ 'ಬ್ಯಾಡ' ಎಲ್ಲಿಂದ ಬಂತು? ಈ ಮನುಷ್ಯನ ಕೈಯಿಂದ ನೀರು ಇಸಿದುಕೊಳ್ಳುವ ಯೋಗ್ಯತೆ ನನಗಿಲ್ಲ ಎಂಬ ನಾಚಿಕೆಯಿಂದ, ಎಂದು ನನಗೆ ನಾನೇ ಎಷ್ಟೋ ವರ್ಷ ಹೇಳಿಕೊಂಡೆ. ಆದರೆ ಆ ಮಾತು ಬಾಯಿಂದ ಬಿದ್ದಾಗ ಅದರ ದನಿ ಅಪ್ಪನದಾಗಿತ್ತು.

ಚಾಚಾ ಲೋಟ ಹಿಡಿದೇ ನಿಂತಿದ್ದ. "ಹೌದ್ರೀ," ಅಂದ ನಗುತ್ತ, "ನಂಗ ಮರ್ತೇ ಹೋಗಿತ್ತು ನೋಡ್ರಿ. ಎಳನೀರು ತರಸ್ಲೇನು?" ನಾನು ಗಾಡಿಗೆ ಹೊತ್ತಾಯಿತೆಂದು ಎದ್ದೆ. ಕಟ್ಟಿಕೊಂಡು ಹೋದ ಮಾತು ನನ್ನಲ್ಲೇ ಉಳಿಯಿತು. ಅವನು ತೀರಿಕೊಂಡ ಸುದ್ದಿ ಎಷ್ಟೋ ಕಾಲದ ಮೇಲೆ, ಬೇರೆ ಯಾವುದೋ ಮಾತಿನ ನಡುವೆ ಸಿಕ್ಕಿತು.

ಈ ಲೇಖನವನ್ನು ಈ ವಾರದಲ್ಲಿ ಎರಡು ಸಲ ಬರೆದೆ. ಮೊದಲ ಸಲದ ಬರಹದಲ್ಲಿ ನಾನು ಆ ನೀರನ್ನು ಕುಡಿದಿದ್ದೆ. ಚೆನ್ನಾಗಿ ಬಂದಿತ್ತು, ಓದಿದವರ ಕಣ್ಣು ತುಂಬುತ್ತಿತ್ತು. ಬೆಳಿಗ್ಗೆ ಎದ್ದು ಆ ಹಾಳೆಯನ್ನು ಹರಿದೆ.