ತಾನಾಗಿ ಏಳುತ್ತಿದ್ದ ಶಟರ್

ಶೀಲುವೊ ಪೇಟೆಯಲ್ಲಿ ಯಾರ ಮನೆಯ ಮುಂಬಾಗಿಲ ಶಟರ್ ಅರ್ಧಕ್ಕೆ ನಿಂತರೂ ಮೊದಲು ಬಾಯಿಗೆ ಬರುವ ಹೆಸರು ಬೀಶ್ಯಾಳದು. ವಯಸ್ಸು ಅರವತ್ತೊಂದು. ಕುಳ್ಳಗೆ, ಗಟ್ಟಿಮುಟ್ಟಾದ ಹೆಂಗಸು. ಏಣಿ ಹತ್ತುವಾಗ ಮಾತ್ರ ಕನ್ನಡಕ ಹಾಕುತ್ತಾಳೆ, ಇಳಿದ ಕೂಡಲೇ ತೆಗೆದು ಜೇಬಿಗೆ ಸೇರಿಸುತ್ತಾಳೆ. ಮದುವೆಗೆ ಮುಂಚೆ ತೈಚುಂಗ್ ನಗರದಲ್ಲಿ ಶಟರಿನ ತಗಡುಪಟ್ಟಿ ಒತ್ತುವ ಕಾರ್ಖಾನೆಯಲ್ಲಿ ಒಂಬತ್ತು ವರ್ಷ ದುಡಿದವಳು. ಬೆಳ್ಳುಳ್ಳಿ ಬೆಳೆಯುವವನನ್ನು ಕಟ್ಟಿಕೊಂಡು ಈ ಕಡೆ ಬಂದ ಮೇಲೆ, ಹೊಲದ ಕೆಲಸ ತನ್ನ ಕೈಗೆ ಒಗ್ಗದು ಎಂಬುದು ಒಂದೇ ಸುಗ್ಗಿಯಲ್ಲಿ ಅವಳಿಗೂ ಗಂಡನಿಗೂ ಗೊತ್ತಾಯಿತು. "ಬೆಳ್ಳುಳ್ಳಿ ನನಗಿರಲಿ, ಬಾಗಿಲು ನಿನಗಿರಲಿ" ಎಂದ ಅವನು. ಅಂದಿನಿಂದ ಹಳೆಯ ನೀಲಿ ಟ್ರಕ್ಕೊಂದರಲ್ಲಿ ಏಣಿ ಹೇರಿಕೊಂಡು ಊರೂರು ತಿರುಗುತ್ತಿದ್ದಾಳೆ.

ಕೆಲವು ವರ್ಷಗಳ ಹಿಂದೆ ಜನ ಫೋನಿನಲ್ಲಿ ಶಟರ್ ತೆಗೆಯುವ ಶೋಕಿಗೆ ಬಿದ್ದಾಗ ಅವಳಿಗೆ ಸ್ವಲ್ಪ ದಿಗಿಲಾಗಿತ್ತು. ಮೋಟರಿನ ಪಕ್ಕದಲ್ಲಿ ಬೆಂಕಿಪೊಟ್ಟಣದಷ್ಟು ಸಣ್ಣ ರಿಲೇ ಡಬ್ಬಿಯೊಂದನ್ನು ಕೂರಿಸುತ್ತಾರೆ. ಗೋಡೆಯ ಗುಂಡಿಯನ್ನು ನಾವು ಬೆರಳಲ್ಲಿ ಒತ್ತಿ ಬಿಡುವಂತೆ, ಅದು ಫೋನಿನ ಮಾತು ಕೇಳಿ ಅರೆ ಕ್ಷಣ ಒತ್ತಿ ಬಿಡುತ್ತದೆ. ಅಷ್ಟೇ. ಆದರೆ ಆ ಅಷ್ಟನ್ನು ಕಲಿಯಲು ಬೀಶ್ಯಾ ಒಂದು ಡಬ್ಬಿ ತರಿಸಿ ತನ್ನ ಮನೆಯ ಶಟರಿಗೇ ಹಾಕಿಕೊಂಡಳು. ಎರಡನೆಯ ದಿನ ಶಟರ್ ನೆಲದಿಂದ ಒಂದು ಗೇಣು ಮೇಲೆ ನಿಂತು ಕೆಳಗೂ ಇಳಿಯದೆ ಮೇಲಕ್ಕೂ ಹೋಗದೆ, ಅವಳು ಮೂರು ಗಂಟೆ ಒಳಗೇ ಸಿಕ್ಕಿಕೊಂಡಳು. ಗಂಡ ಊಟದ ಡಬ್ಬಿಯನ್ನು ಆ ಸಂದಿಯಿಂದ ಒಳಗೆ ತಳ್ಳಿದ. "ಸೂಪು ಚೆಲ್ಲೀತು, ಜೋಪಾನ" ಎಂದಷ್ಟೇ ಹೇಳಿ ಹೊಲಕ್ಕೆ ಹೋದ. ಸಂಜೆಯ ಹೊತ್ತಿಗೆ ಡಬ್ಬಿಯ ಸ್ವಭಾವ ಅವಳಿಗೆ ತಿಳಿದಿತ್ತು.

ಲಿಯಾವ್ ಮನೆಯವರು ಕರೆಸಿದ್ದು ಒಂದು ಗುರುವಾರ ಬೆಳಿಗ್ಗೆ. ಮುಂದಿನ ಕೋಣೆಯೇ ಕಾರಿನ ಗ್ಯಾರೇಜು. ಅದರ ಹಿಂದೆ ದೇವರ ಪೀಠ, ಅದರಾಚೆ ಅಡುಗೆಮನೆ. ಸೊಸೆ ಯಿರೊಂಗ್ ಅರ್ಧ ದಿನ ರಜೆ ಹಾಕಿ ಕಾದಿದ್ದಳು. ಅತ್ತೆ ಗಿಮ್‌ಹೋ ಬೆತ್ತದ ಕುರ್ಚಿಯಲ್ಲಿ ಬೆನ್ನಿಗೆ ದಿಂಬು ಕೊಟ್ಟು ಕೂತಿದ್ದರು. ಎಪ್ಪತ್ತೆಂಟು ವರ್ಷ. ಹೋದ ವರ್ಷ ಬೆನ್ನಿನ ಆಪರೇಷನ್ ಆಗಿತ್ತು.

"ಶ್ಯಾ ಅಕ್ಕಾ, ಎರಡು ತಿಂಗಳಾಯ್ತು" ಎಂದಳು ಯಿರೊಂಗ್. "ನಾನು ಆಫೀಸಲ್ಲಿರ್ತೀನಿ, ಇಲ್ಲಿ ಶಟರ್ ತಾನಾಗೇ ಮೇಲೆ ಹೋಗುತ್ತಂತೆ."

"ತಾನಾಗೇ ಹೋಗೋಕೆ ಅದಕ್ಕೇನು ಜೀವ ಇದ್ಯಾ?" ಕುರ್ಚಿಯಿಂದ ಮಾತು ಬಂತು. "ಫೋನು ಯಾರ ಕೈಲಿದ್ಯೋ ಅವರನ್ನ ಕೇಳು. ಮನೇಲಿ ಮುದುಕಿ ಏನು ಮಾಡ್ತಾಳೆ ಅಂತ ಬೀದಿಗೆಲ್ಲ ತೋರಿಸ್ಬೇಕು ಕೆಲವರಿಗೆ. ಹೋದ ವಾರ ನಾಯಿ ಒಳಗೆ ನುಗ್ಗಿ ದೇವರಿಗಿಟ್ಟ ಕೋಳೀನೇ ಕಚ್ಕೊಂಡು ಹೋಯ್ತು."

"ಅತ್ತೆ, ನಾನು ಒತ್ತಿಲ್ಲ. ಫೋನಲ್ಲಿ ದಾಖಲೆ ಇದೆ, ನೋಡಿ."

"ನಿನ್ನ ಫೋನು ನಿನ್ನ ಪರವಾಗೇ ತಾನೆ ಸಾಕ್ಷಿ ಹೇಳೋದು."

ಯಿರೊಂಗ್ ಫೋನನ್ನು ಜೇಬಿಗೆ ಹಾಕಿಕೊಂಡಳು. ಬೀಶ್ಯಾ ಏಣಿ ಹಾಕುತ್ತಾ, ಯಾರ ಮುಖವನ್ನೂ ನೋಡದೆ ಕೇಳಿದಳು: "ದೊಡ್ಡಮ್ಮ, ಸಾಮಾನ್ಯವಾಗಿ ಯಾವ ಹೊತ್ತಲ್ಲಿ?"

"ಹೊತ್ತು ಗೊತ್ತು ಏನಿಲ್ಲ" ಎಂದು ಮುದುಕಿ ದೇವರ ಪೀಠದ ಕಡೆ ತಿರುಗಿದರು.

ಬೀಶ್ಯಾ ಮೊದಲು ರಿಲೇಯ ತಂತಿ ಬಿಚ್ಚಿ, ಗೋಡೆಯ ಗುಂಡಿಯಿಂದಲೇ ಶಟರನ್ನು ನಾಲ್ಕು ಸಲ ಏರಿಸಿ ಇಳಿಸಿದಳು. ಮೋಟರ್ ಬೆಣ್ಣೆಯ ಹಾಗೆ ಓಡಿತು. ಕೈಯ ರಿಮೋಟೂ ಸರಿ ಇತ್ತು. ಹಾಗಾದರೆ ರೋಗ ಡಬ್ಬಿಯದೇ. ತಂತಿಯನ್ನು ಮತ್ತೆ ಸೇರಿಸಿ, ಯಿರೊಂಗಳ ಫೋನು ಇಸಿದುಕೊಂಡು ಹಿಂದಿನ ದಾಖಲೆಗಳನ್ನೆಲ್ಲ ಕೆಳಗಿನಿಂದ ಮೇಲಕ್ಕೆ ಓದಿದಳು. ಶಟರ್ ತೆಗೆಯಲು ಯಾರೂ ಆಜ್ಞೆ ಕೊಟ್ಟಿರಲಿಲ್ಲ. ಆದರೆ ಮಂಗಳವಾರ, ಶುಕ್ರವಾರಗಳಂದು ಬೆಳಿಗ್ಗೆ ಒಂಬತ್ತರ ಆಸುಪಾಸಿನಲ್ಲಿ ಎರಡೆರಡು ಸಾಲುಗಳಿದ್ದವು: ಸಂಪರ್ಕ ತಪ್ಪಿತು, ಸಂಪರ್ಕ ಬಂತು. ಡಬ್ಬಿಯ ಸೆಟ್ಟಿಂಗುಗಳನ್ನು ತೆರೆದು ನೋಡಿದರೆ ಅರ್ಧ ಗುಟ್ಟು ಅಲ್ಲೇ ಬಿದ್ದಿತ್ತು. ಕರೆಂಟು ಹೋಗಿ ಬಂದಾಗ ಏನು ಮಾಡಬೇಕು ಎಂಬ ಕಡೆ 'ಆನ್' ಎಂದಿತ್ತು. ಅಂದರೆ ಡಬ್ಬಿ ಪ್ರತಿಸಲ ಎಚ್ಚರಗೊಂಡಾಗಲೂ ಒಂದು ಸಲ ಗುಂಡಿ ಒತ್ತುತ್ತಿತ್ತು, ಶಟರ್ ಏಳುತ್ತಿತ್ತು.

"ಈ ಬೀದೀಲಿ ಕರೆಂಟು ಹೋಗ್ತಿರುತ್ತಾ?"

"ಇಲ್ಲ ಅಕ್ಕಾ. ನಮ್ಮ ಕೋಣೆಯ ಕರೆಂಟಿನ ಗಡಿಯಾರ ಕೂಡ ಒಂದಿನ ನಿಂತಿಲ್ಲ."

ಹಾಗಾದರೆ ಕರೆಂಟು ಕೈಕೊಡುತ್ತಿದ್ದುದು ಡಬ್ಬಿಗೆ ಮಾತ್ರ. ಬೀಶ್ಯಾ ಅದರ ತಂತಿಯ ಬೆನ್ನು ಹತ್ತಿದಳು. ಅದು ಗೋಡೆ ತೂರಿ, ಕಪಾಟಿನ ಹಿಂದೆ ಹಾದು, ಅಡುಗೆಮನೆಯ ಮೂಲೆಯ ಸಾಕೆಟ್ಟಿಗೆ ಹೋಗಿ ಸೇರಿತ್ತು. ಯಿರೊಂಗಳ ಗಂಡ ಗ್ವೊದೊಂಗ್ ಎರಡು ತಿಂಗಳ ಹಿಂದೆ ಯಾವುದೋ ವಿಡಿಯೋ ನೋಡಿ ತಾನೇ ಎಳೆದ ತಂತಿಯಂತೆ. ಅದರ ಪಕ್ಕದ ಸಾಕೆಟ್ಟಿನ ಮೇಲೆ ಒಣಗಿದ ಬಿಳಿ ಹಿಟ್ಟಿನ ಚುಕ್ಕೆಗಳಿದ್ದವು. ಮೇಜಿನ ಕೆಳಗೆ ಟವೆಲ್ಲು ಮುಚ್ಚಿದ್ದ ಏನೋ ದಪ್ಪನೆಯ ವಸ್ತು. ನೆನೆದ ಅಕ್ಕಿಯ ವಾಸನೆ.

ತಲೆಯೆತ್ತಿದರೆ ಅಡುಗೆಮನೆಯ ಬಾಗಿಲಲ್ಲಿ ಗಿಮ್‌ಹೋ ನಿಂತಿದ್ದರು. ಬೆನ್ನಿಗಿದ್ದ ದಿಂಬು ಕೈಯಲ್ಲಿತ್ತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

"ಯಿರೊಂಗ್," ಬೀಶ್ಯಾ ಕೂಗಿ ಹೇಳಿದಳು, "ಶಟರ್ ಇಳಿಸಿ, ಪಕ್ಕದ ಬಾಗಿಲಿಂದ ಹೊರಗೆ ಹೋಗಿ ರಸ್ತೆ ಆಚೆ ನಿಂತ್ಕೋ. ಅದು ಅಲ್ಲಾಡಿದ್ರೆ ಕೂಗು. ಫೋನು ಇಲ್ಲಿ ಮೇಜಿನ ಮೇಲೆ ಇಟ್ಟೋಗು."

ಅವಳು ಹೊರಗೆ ಹೋದ ಮೇಲೆ ಬೀಶ್ಯಾ ದನಿ ತಗ್ಗಿಸಿದಳು. "ದೊಡ್ಡಮ್ಮ, ಕಡುಬಿಗೆ ರುಬ್ತೀರಾ?"

ಮುದುಕಿ ದಿಂಬನ್ನು ಮೇಜಿನ ಮೇಲಿಟ್ಟರು. "ಬಟ್ಟಲುಕಡುಬು" ಎಂದರು. "ವಾರಕ್ಕೆ ಎರಡು ದಿನ. ಇಸ್ಪೀಟಿಗೆ ಬರೋ ಮೂರು ಜನ ಗೆಳತೀರಿಗೆ. ಬಗ್ಗಬಾರ್ದು, ಎತ್ತಬಾರ್ದು, ಗ್ರೈಂಡರ್ ಗುಜರಿಗೆ ಹಾಕು ಅಂತ ಮಗ ಹಟ ಹಿಡಿದ. ಅಂಗಡಿ ಹಿಟ್ಟಲ್ಲಿ ಕಡುಬು ಮಾಡಿದ್ರೆ ಅಂಟಿನ ಹಾಗಿರುತ್ತೆ, ನಿನಗೂ ಗೊತ್ತಲ್ಲ. ಇದನ್ನ ಹಾಕಿದ ತಕ್ಷಣ ಶಟರ್ ಮೇಲೆ ಹೋಗುತ್ತೆ ಕಣೇ! ಒಂದು ದಿನ ತಪ್ಪಿಲ್ಲ. ಅವಳು ಎಲ್ಲಿಂದಲೋ ನೋಡ್ತಿದ್ದಾಳೆ, ನನಗೆ ಬುದ್ಧಿ ಕಲಿಸ್ತಿದ್ದಾಳೆ, ಇನ್ನೇನು?"

ಶಟರ್ ಏಳುವ ಹೊತ್ತನ್ನು ಬಾಯಿಬಿಟ್ಟು ಹೇಳಿದರೆ ರುಬ್ಬುವುದು ಬಯಲಾಗುತ್ತದೆ. ಹೇಳದಿದ್ದರೆ ಶಟರಿನ ಕಾಯಿಲೆ ತಿಳಿಯುವುದಿಲ್ಲ. ಎರಡು ತಿಂಗಳಿಂದ ಮುದುಕಿ ಆ ಇಕ್ಕಟ್ಟಿನಲ್ಲಿ ಒಬ್ಬರೇ ಉರಿಯುತ್ತಿದ್ದರು.

ಬೀಶ್ಯಾ ಮೀಟರಿನ ಎರಡು ಮೊನೆಗಳನ್ನು ಸಾಕೆಟ್ಟಿಗೆ ಚುಚ್ಚಿದಳು. ನೂರ ಹತ್ತು ವೋಲ್ಟು, ಆ ಊರಿನ ಮಾಮೂಲು. "ಈಗ ಹಾಕಿ."

ಗ್ರೈಂಡರ್ ಮುಲುಗಿತು, ಕಲ್ಲು ಭಾರವಾಗಿ ತಿರುಗಲು ಶುರುವಾಯಿತು. ದೀಪ ಮಂಕಾಯಿತು. ಮೀಟರಿನ ಅಂಕೆ ಎಪ್ಪತ್ತಕ್ಕೆ ಜಾರಿ ಮತ್ತೆ ಮೇಲೆ ಬಂತು. ಕೆಲವು ಕ್ಷಣ ಕಳೆದು ಗ್ಯಾರೇಜಿನಿಂದ ಟಿಕ್ ಎಂಬ ಸದ್ದು, ಅದರ ಹಿಂದೆಯೇ ತಗಡು ಸುರುಳಿ ಸುತ್ತುವ ಗಡಗಡ.

"ಹೋಯ್ತು! ಮೇಲೆ ಹೋಯ್ತು!" ರಸ್ತೆಯಾಚೆಯಿಂದ ಯಿರೊಂಗ್ ಕೂಗಿದಳು.

ಗಿಮ್‌ಹೋ ಮೇಜಿನ ಮೇಲಿದ್ದ ಫೋನನ್ನು ನೋಡಿದರು. ಅದು ತನ್ನ ಪಾಡಿಗೆ ಕಪ್ಪಗೆ ಬಿದ್ದಿತ್ತು. ಅವರ ಕೈ ನಿಧಾನವಾಗಿ ಗ್ರೈಂಡರನ್ನು ಆರಿಸಿತು.

"ಇದು ಏಳೋವಾಗ ಕರೆಂಟನ್ನ ಒಂದು ದೊಡ್ಡ ಗುಟುಕು ಎಳ್ಕೊಳ್ಳುತ್ತೆ ದೊಡ್ಡಮ್ಮ" ಎಂದಳು ಬೀಶ್ಯಾ. "ಅದೇ ಲೈನಲ್ಲಿರೋ ಆ ಚಿಕ್ಕ ಡಬ್ಬಿಗೆ ಮೂರ್ಛೆ ಬರುತ್ತೆ. ಎದ್ದ ಮೇಲೆ ಏನು ಮಾಡ್ಬೇಕು ಅಂತ ತಿಳೀದೆ ಬಾಗಿಲು ತೆಗೆಯುತ್ತೆ. ಯಾರೂ ಒತ್ತಿದ್ದಲ್ಲ. ಅಡುಗೆಮನೆ ಲೈನಿಗೆ ಹೊರೆ ಜಾಸ್ತಿ ಅಂತ ಅವಳಿಗೆ ಹೇಳ್ತೀನಿ. ಅಷ್ಟು ಸಾಕು."

ಮುದುಕಿ ಗ್ರೈಂಡರಿಗೆ ಮತ್ತೆ ಟವೆಲ್ಲು ಹೊದಿಸಿದರು. ಬೀಶ್ಯಾ ಸೆಟ್ಟಿಂಗನ್ನು 'ಆಫ್' ಮಾಡಿ, ಡಬ್ಬಿಯ ತಂತಿಯನ್ನು ಅಡುಗೆಮನೆಯಿಂದ ಕಿತ್ತು, ಮೋಟರಿನದೇ ಬೇರೆ ಲೈನಿಗೆ ಜೋಡಿಸಲು ಏಣಿ ಹತ್ತಿದಳು. ಯಿರೊಂಗ್ ಕೆಳಗೆ ಏಣಿ ಹಿಡಿದು ನಿಂತಳು. ಹೊರೆಯ ಮಾತು ಕೇಳಿ ತಲೆಯಾಡಿಸಿದಳೇ ಹೊರತು, ಯಾವ ಹೊರೆ ಎಂದು ಕೇಳಲಿಲ್ಲ.

ಆಗ ಗಿಮ್‌ಹೋ ತಟ್ಟೆಯಲ್ಲಿ ಎರಡು ಬಟ್ಟಲು ಇಟ್ಟುಕೊಂಡು ಬಂದರು. ಒಂದನ್ನು ಬೀಶ್ಯಾಳಿಗೆಂದು ಕಾರಿನ ಬಾನೆಟ್ಟಿನ ಮೇಲಿಟ್ಟರು. ಇನ್ನೊಂದನ್ನು ಸೊಸೆಯ ಮುಂದೆ ಹಿಡಿದರು. ಕಡುಬಿನ ಮೇಲೆ ಅಣಬೆ, ಮೊಟ್ಟೆಯ ಹಳದಿ, ಬೆಳ್ಳುಳ್ಳಿ ಸೋಯಾ ರಸ.

"ತಿನ್ನು. ಮೊನ್ನೆ ನಾನೇ ರುಬ್ಬಿದ್ದು."

"ಗೊತ್ತು ಅತ್ತೆ."

"ಗೊತ್ತಾ?"

"ಪಕ್ಕದ ಮನೆ ಅಕ್ಕ ಹೋದ ತಿಂಗಳೇ ಹೇಳಿದ್ರು. ಕಡುಬು ಚೆನ್ನಾಗಿತ್ತಂತೆ."

"ಗೊತ್ತಿದ್ದೂ ಸುಮ್ನಿದ್ಯಾ?"

"ನಾನು ಬೇಡ ಅಂದಿದ್ರೆ ನಿಲ್ಲಿಸ್ತಿದ್ರಾ? ನಿಮ್ಮ ಮಗನಿಗೆ ಹೇಳಿ ಮನೇಲಿ ಜಗಳ ಯಾಕೆ ಅಂತ ಬಿಟ್ಟೆ." ಅವಳು ಬಟ್ಟಲನ್ನು ತೆಗೆದುಕೊಂಡಳು. "ಆದ್ರೆ ನಾನು ನಿಮ್ಮನ್ನ ಕದ್ದು ನೋಡ್ತೀನಿ ಅಂತ ಬೀದಿಗೆಲ್ಲ ಹೇಳಿದ್ರಲ್ಲ, ಅದಕ್ಕೆ ಬೇಜಾರಾಯ್ತು."

ಗಿಮ್‌ಹೋ ಖಾಲಿ ತಟ್ಟೆಯ ಅಂಚನ್ನು ಬೆರಳಲ್ಲಿ ಸವರುತ್ತಾ ನಿಂತರು. "ತಪ್ಪಾಯ್ತು" ಎಂದರು, ತಟ್ಟೆಗೇ ಹೇಳುವಂತೆ. ಆಮೇಲೆ ಒಮ್ಮೆಲೇ ಮುಖ ಎತ್ತಿದರು. "ಅಲ್ಲ, ಆ ಡಬ್ಬೀನ ನನ್ನ ಗ್ರೈಂಡರ್ ಲೈನಿಗೇ ತಂದು ಸಿಕ್ಕಿಸಿದ್ದು ಯಾರು?"

"ನಿಮ್ಮ ಮಗ."

"ಫೋನ್ ಮಾಡು ಅವನಿಗೆ!"

ಏಣಿಯ ಮೇಲೆ ಬೀಶ್ಯಾ ನಗು ತಡೆದುಕೊಂಡು ತಿರುಪು ಬಿಗಿ ಮಾಡಿದಳು. ಕೆಳಗೆ ಅತ್ತೆ ಸೊಸೆ ಒಂದೇ ಫೋನಿಗೆ ಬಾಯಿಯಿಟ್ಟು ಗ್ವೊದೊಂಗನನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದರು. "ಇಂಜಿನಿಯರ್ ಅಂತೆ, ಇಂಜಿನಿಯರ್!" ಎಂದು ಒಬ್ಬರು ಅಂದರೆ, "ನಾನು ಆಗಲೇ ಶ್ಯಾ ಅಕ್ಕನ್ನ ಕರೆಸೋಣ ಅಂದಿದ್ದೆ" ಎಂದು ಇನ್ನೊಬ್ಬರು. ಅವನು ಏನು ಹೇಳಿದನೋ, ಯಾರೂ ಕೇಳಿಸಿಕೊಳ್ಳಲಿಲ್ಲ.

ಕೆಲಸ ಮುಗಿಸಿ ಇಳಿದ ಮೇಲೆ ಬೀಶ್ಯಾ ಗ್ರೈಂಡರನ್ನು ಮೂರು ಸಲ ಹಾಕಿಸಿ ಆರಿಸಿದಳು. ಮೂರು ಸಲವೂ ಶಟರ್ ಕದಲಲಿಲ್ಲ. "ಕಲ್ಲು ಎತ್ತೋದು ಮಾತ್ರ ನಾನು ಬಂದ ಮೇಲೆ" ಎಂದು ಯಿರೊಂಗ್ ಅತ್ತೆಗೆ ಹೇಳುತ್ತಿದ್ದಳು. "ಸಂಜೆ ರುಬ್ಬಿದ್ರೆ ಆಯ್ತಲ್ಲ." ಮುದುಕಿ, ಸಂಜೆ ರುಬ್ಬಿದ ಹಿಟ್ಟು ಬೆಳಿಗ್ಗೆಗೆ ಹುಳಿ ಬರುತ್ತದೆಂದು ವಾದಕ್ಕಿಳಿದರು. ಬೀಶ್ಯಾ ಅವರ ನಡುವೆ ಬಾಯಿ ಹಾಕಲಿಲ್ಲ. ಬಾನೆಟ್ಟಿನ ಮೇಲೆ ತಣ್ಣಗಾಗುತ್ತಿದ್ದ ಕಡುಬನ್ನು ನಿಂತುಕೊಂಡೇ ತಿಂದು, ಬಟ್ಟಲು ತೊಳೆದಿಟ್ಟು, ಏಣಿಯನ್ನು ಟ್ರಕ್ಕಿಗೆ ಕಟ್ಟಿದಳು. ಮಧ್ಯಾಹ್ನಕ್ಕೆ ಮುಂಚೆ ಸೇತುವೆಯಾಚೆ ಕೋಸು ಮಂಡಿಯ ಶಟರೊಂದನ್ನು ನೋಡಬೇಕಿತ್ತು.