ತೂಬಿನ ಕೀಲಿ

ರಫೀಕ್ ಸರ್, ನಿಮ್ಮ ಭಾಷಣವನ್ನು ಕತ್ತರಿಸಿ ನಿಮ್ಮ ಓಣಿ ಕೌಲ್ ಬಜಾರಿನ ವಾಟ್ಸಾಪ್ ಗುಂಪಿಗೆ ಹಾಕಿಸಿದವಳು ನಾನು. ನಿಮ್ಮ ಜೊತೆ ಒಂದೇ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುತ್ತಿದ್ದ, ರಂಜಾನಿಗೆ ನಿಮ್ಮ ಮನೆಯ ಸುರಕುಂಬಾ ಪಾಯಸ ಕುಡಿದ ಶಾರದಾ.

ಆವತ್ತು ಕಾಲೇಜಿನ ಸಭೆಯಲ್ಲಿ ನಿಮ್ಮ ವಿಷಯ — ಪ್ಯಾಲೆಸ್ಟೀನ್ ಎಂಬ ದೇಶ ನಾಳೆ ಹುಟ್ಟಿದರೆ ಬಾಳೀತೇ? ಮುಂದಿನ ಸಾಲಿನಲ್ಲಿ ಕೂತು ಮೊಬೈಲಿನಲ್ಲಿ ರೆಕಾರ್ಡ್ ಮಾಡುತ್ತಿದ್ದೆ. ನೀವು ಅಂದಿರಿ: "ಆ ದೇಶ ನಿಲ್ಲಾಂಗಿಲ್ಲ. ಕಾಲುವಿ ತೂಬಿನ ಕೀಲಿ ಮ್ಯಾಲಿನವ್ರ ಕೈಯಾಗ ಇಟ್ಟು, ಕೊನಿಯವನಿಗೆ ಹೊಲದ ಪಟ್ಟಾ ಕೊಟ್ರ ಬೆಳಿ ಬರತೈತೇನು? ನೀರು, ಗಡಿ, ದಾರಿ ಆ ದೇಶದವ್ರ ಕೈಗೇ ಕೊಡ್ರಿ. ಒಳಗ ಗಾಜಾಕ್ಕೊಂದು, ಉಳಿದ ಕಡಿಗೊಂದು ಅಂತ ಎರಡು ಯಜಮಾನಿಕಿ ಬ್ಯಾಡ, ಒಂದ ಇರಲಿ. ಆಮ್ಯಾಲೆ ನೋಡ್ರಿ, ಹೆಂಗ ನಿಲ್ತೈತಿ!"

ಸಭೆ ಚಪ್ಪಾಳೆ ತಟ್ಟಿತು. ನನಗೆ ಮೈಯೆಲ್ಲ ಉರಿದುಹೋಯಿತು. ಆ ತೂಬು ನಮ್ಮದು — ತೆಕ್ಕಲಕೋಟೆಯ ನಮ್ಮ ಹೊಲದ್ದು. ಮೇಲಿನವರು ನೀರು ಬಿಡದೆ ಅಪ್ಪ ಪಟ್ಟ ಪಾಡನ್ನು ಚಹಾ ಕುಡಿಯುತ್ತ ನಿಮಗೆ ಹೇಳಿದ್ದೆ. ನಮ್ಮಪ್ಪನ ಕಣ್ಣೀರಿಗೆ ನಿಮಗೆ ಚಪ್ಪಾಳೆ! ನನ್ನ ಹೆಸರೂ ಇಲ್ಲ... ರೆಕಾರ್ಡಿಂಗ್ ನಿಲ್ಲಿಸಿ ಎದ್ದು ಹೊರಟುಬಿಟ್ಟೆ.

ಬೇಕೆಂದೇ ಮೊದಲ ಮಾತನ್ನಷ್ಟೇ ಉಳಿಸಿ ಗುಂಪಿಗೆ ಹಾಕಿಸಿದೆ — "ಆ ದೇಶ ನಿಲ್ಲಾಂಗಿಲ್ಲ." ಗಾಜಾದ ಮಕ್ಕಳ ಹೆಣ ನೋಡಿ ನಿಮ್ಮ ಓಣಿಯ ಹೆಂಗಸರು ಟೀವಿ ಮುಂದೆ ಅಳುತ್ತಿದ್ದ ದಿನಗಳವು. ಕಿಡಿ ಎಲ್ಲಿ ಬಿದ್ದರೆ ಹತ್ತುತ್ತದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ನೀವು ಪೂರ್ತಿ ಮಾತು ಹೇಳಹೋದರೆ ಯಾರೂ ಕೇಳಲಿಲ್ಲ. ಸ್ವಂತ ತಮ್ಮನೇ ನಿಮ್ಮ ಸಲಾಮಿಗೆ ಮುಖ ತಿರುಗಿಸಿದನೆಂದು ತಿಳಿದು ನನ್ನ ಹೊಟ್ಟೆ ತಣ್ಣಗಾಯಿತು. ಹುಟ್ಟಿದ ಓಣಿ ಬಿಟ್ಟು ನೀವು ಕಂಟೋನ್ಮೆಂಟಿನಲ್ಲಿ ಬಾಡಿಗೆ ಮನೆ ಹಿಡಿದಾಗ, "ಅಯ್ಯೋ ಪಾಪ" ಎನ್ನುತ್ತ ನೋಡಲು ಬಂದಿದ್ದೆ. ಖುಷಿಯಾಗಿತ್ತು. ಹೌದು, ಖುಷಿಯೇ.

ಮೊನ್ನೆ ಸಿರುಗುಪ್ಪ ಬಸ್ಸಿನಲ್ಲಿ ನಮ್ಮ ಹಳೆಯ ವಿದ್ಯಾರ್ಥಿನಿ ಸಿಕ್ಕಳು. "ಮ್ಯಾಡಂ, ಆವತ್ತು ಕಡೀಗೆ ಸರ್ ಏನಂದ್ರು ಗೊತ್ತೇನ್ರಿ? 'ತೂಬಿನ ಮಾತು ನಂದಲ್ಲ, ಶಾರದಾ ಮ್ಯಾಡಂ ಕಲಿಸಿದ್ದು, ಚಪ್ಪಾಳಿ ಅವ್ರಿಗೆ ಹೊಡೀರಿ' ಅಂದ್ರು. ಎಲ್ಲಾರೂ ನಿಮ್ಮ ಕುರ್ಚಿ ಕಡೆ ತಿರುಗಿ ಹೊಡದ್ವಿ. ನೀವ ಇರಲಿಲ್ಲ."

ಕ್ಷಮೆ ಕೇಳುವುದಿಲ್ಲ — ಕೊಡುವ ಹೊರೆ ನಿಮಗೇಕೆ? ಸೇಡಿನ ಬುದ್ಧಿ ನನ್ನದು, ಇನ್ನು ನನ್ನ ಮೇಲೆಯೇ ತೀರಿಸಿಕೊಳ್ಳುತ್ತೇನೆ. ಈ ಶುಕ್ರವಾರ ನಮಾಜು ಮುಗಿಯುವ ಹೊತ್ತಿಗೆ ನಿಮ್ಮ ಹಳೆಯ ಓಣಿಗೆ ಹೋಗಿ, ಕತ್ತರಿಸಿದವಳು ನಾನೇ ಎಂದು ಹೇಳಿ, ಮೊಬೈಲಿನಲ್ಲಿ ಉಳಿದಿರುವ ಅಷ್ಟೂ ಮಾತನ್ನು ಕೇಳಿಸುತ್ತೇನೆ. ಮೊದಲು ನಿಮ್ಮ ತಮ್ಮನಿಗೆ. ನನಗೆಂದು ಬಿದ್ದ ಚಪ್ಪಾಳೆ ಮಾತ್ರ ಅದರಲ್ಲಿಲ್ಲ.