ಹೊಸಬಾಳೆಯ ಹಲಸಿನ ಕಂಬ

ತಂಗಿಯ ಮನೆ ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಮುಚ್ಚಿಡುವುದೇನು ಬಂತು? ಶಿಕಾರಿಪುರದಲ್ಲಿ ನನ್ನದು ಎರಡಂತಸ್ತಿನ ಆರ್‌ಸಿಸಿ ಮನೆ, ಹೊಳೆಯುವ ಟೈಲ್ಸು. ಸೊರಬದ ಕಡೆ ಹೊಸಬಾಳೆಯಲ್ಲಿ ಅವಳದು ಮರದ ಕಂಬ, ಮರದ ತೊಲೆ, ಮೇಲೆ ಹೆಂಚು. ಆದರೂ ಅವ್ವ ನನ್ನ ಮನೆಗೆ ಬಂದರೆ ಮೂರನೇ ದಿನಕ್ಕೇ, "ಏನ್ ಕಾವೇ ಇದು, ರೊಟ್ಟಿ ಹಂಚಿನ ಮ್ಯಾಲೆ ಕುಂತಂಗೈತಿ. ನನ್ನ ಹೊಸಬಾಳೆ ಬಸ್ಸು ಹತ್ಸು," ಎನ್ನುತ್ತಾಳೆ. ಹೋದವಳು ತಿಂಗಳುಗಟ್ಟಲೆ ಬರುವುದಿಲ್ಲ.

ನಾವಿಬ್ಬರೂ ಮನೆ ಕಟ್ಟಿಸುತ್ತಿದ್ದಾಗಲೇ ತವರಿನ ಹಿತ್ತಲ ಹಲಸಿನ ಮರ ಗಾಳಿಗೆ ಬಿತ್ತು. ಬೇಕೇನೆಂದು ಅವ್ವ ಮೊದಲು ಕೇಳಿದ್ದು ನನ್ನನ್ನೇ. "ಹುಳ ತಿನ್ನೋ ಮರ ಯಾರಿಗೆ ಬೇಕವ್ವ?" ಎಂದುಬಿಟ್ಟೆ. ತಂಗಿ ದಿಮ್ಮಿಗಳನ್ನು ಟ್ರ್ಯಾಕ್ಟರಿನಲ್ಲಿ ಸಾಗಿಸಿ, ಹುಳ ಹಿಡಿಯದಿರಲೆಂದು ಮಳೆಗಾಲ ಪೂರ್ತಿ ಕೆರೆಯಲ್ಲಿ ಮುಳುಗಿಸಿಟ್ಟಳು. "ಎಮ್ಮೆ ಮೈ ತೊಳಿಸ್ತಿದೀಯೇನೆ?" ಎಂದು ನಕ್ಕಿದ್ದೆ. ಅದರಲ್ಲೇ ನಡುಮನೆಯ ಕಂಬ ಮಾಡಿಸಿ, ಉಳಿದದ್ದಕ್ಕೆ ಬೇಕಾದ ಮರವನ್ನು ಹಳೇ ಮನೆ ಕೆಡವಿದವರಿಂದ ತಂದಳು. ಹಲಸು ಬಿದ್ದ ಗುಂಡಿಯಲ್ಲಿ ಹೊಸ ಸಸಿಯನ್ನೂ ನೆಟ್ಟಳು.

ಈ ಬೇಸಿಗೆಯಲ್ಲಿ ಅವ್ವನನ್ನು ಕರೆತಂದೇ ತೀರಬೇಕೆಂದು ಏಸಿ ಹಾಕಿಸಿ ಹೊಸಬಾಳೆಗೆ ಹೋದೆ. ತಂಗಿ ಮಜ್ಜಿಗೆ ಕೊಟ್ಟು ಪಾಠ ಶುರುಮಾಡಿದಳು. "ಅಕ್ಕ, ಸಿಮೆಂಟು, ಕಬ್ಬಿಣ ಮಾಡೋಕೆ ಎಷ್ಟು ಹೊಗೆ ಏಳ್ತದೆ ಗೊತ್ತಾ? ಮರ ಆದ್ರೆ ಬೆಳೆಯೋವಾಗ ಗಾಳೀಲಿರೋ ಇಂಗಾಲ ಎಳ್ಕೊಂಡಿರ್ತದೆ. ಕಂಬ ಆದ್ಮೇಲೂ ಅದು ಒಳಗೇ ಇರ್ತದೆ. ಒಲೆಗೆ ಹಾಕಿದ್ರೆ ಅಷ್ಟೂ ಹೊರಗೆ ಬಂದುಬಿಡ್ತಿತ್ತು." ನಿಜವೇ ಇರಬಹುದು. ಅವಳ ಬಾಯಲ್ಲಿ ಕೇಳುವುದು ನನ್ನಿಂದಾಗದು.

ಅವ್ವ ನಡುಮನೆಯ ಕಂಬಕ್ಕೆ ಒರಗಿ ಎಲೆ ಅಡಿಕೆ ಹಾಕುತ್ತಿದ್ದಳು. "ಏಸಿ ಹಾಕ್ಸೀನಿ, ಏಳು, ಹೋಗಾನ," ಎಂದೆ. ಏಳಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು.

"ಚಿಕ್ಕ ಮಗಳ ಕಂಬ ಬಿಟ್ಟು ಬರಾಕ ಮನಸಿಲ್ಲ ನಿನಗ!"

"ಆಕೀದಲ್ಲ ಕಣೇ ಇದು," ಎಂದಳು ಅವ್ವ, ಕಂಬ ಸವರುತ್ತ. "ನೀ ಹುಟ್ಟಿದಾಗ ನಿನ್ನ ಹೊಕ್ಕಳಬಳ್ಳಿ, ಮಾಸು ಹುಗಿದ ಜಾಗದಾಗ ನಾನೇ ಬೀಜ ಹಾಕಿ ಬೆಳೆಸಿದ ಮರ. ಅದಕ್ಕೇ ಮೊದ್ಲು ನಿನ್ನ ಕೇಳಿದ್ದು. ನೀ ಇಲ್ಲಿಗೆ ಬಂದ್ರೂ ಬರದಿದ್ರೂ ನಾ ದಿನಾ ನಿನಗೇ ಒರಗಿ ಕೂರ್ತೀನಿ."

"ಅವತ್ತೇ ಹೇಳಬಾರದಿತ್ತೇನವ್ವ?"

"ಹುಳ ತಿನ್ನೋ ಮರ ಅಂದ್ಯಲ್ಲ. ಏನಂತ ಹೇಳ್ಲಿ?"

ಒಬ್ಬಳೇ ಬಸ್ಸು ಹತ್ತಿ ವಾಪಸು ಬಂದೆ. ಅವ್ವನಿಗೆಂದು ಹಾಕಿಸಿದ ಏಸಿಯ ಕೆಳಗೆ ಕೂತು, ತಂಗಿಯನ್ನು ಬಿಟ್ಟು ಈಗ ಆ ಕಂಬದ ಮೇಲೆಯೇ ಹೊಟ್ಟೆಕಿಚ್ಚು ಪಡುತ್ತಿದ್ದೇನೆ.